ಮಧ್ಯದ ಗುಡ್ಡೆಯ ಇ-ರೀಡರುಗಳು

ಯಂತ್ರಗಳು ಬಂದದ್ದು ನನ್ನ ಹೆಂಡತಿಯ ಹೆಸರಿಗೆ. ಅವಳು ತೀರಿಕೊಂಡು ಆಗ ಇಪ್ಪತ್ತಾರು ದಿನ. ಪಾಂಡವಪುರದ ನನ್ನ ರಿಪೇರಿ ಅಂಗಡಿಯ ಮುಂದೆ ವ್ಯಾನು ನಿಲ್ಲಿಸಿದ ಪಾರ್ಸೆಲ್‌ನವನು ಎರಡು ದೊಡ್ಡ ಪೆಟ್ಟಿಗೆ ಇಳಿಸಿ, ಅವಳ ಹೆಸರು ಓದಿ, "ಮೇಡಂ ಯಾವಾಗ್ ಬರ್ತಾರೆ? ಅವರೇ ಸೈನ್ ಮಾಡ್ಬೇಕು" ಎಂದ. ನಾನೇ ಕೈ ಚಾಚಿ ಸಹಿ ಹಾಕಿದೆ.

ಅವಳು ತೊಣ್ಣೂರಿನ ಕಡೆಯ ಒಂದು ಪಂಚಾಯಿತಿ ಗ್ರಂಥಾಲಯದಲ್ಲಿ ಮೇಲ್ವಿಚಾರಕಿಯಾಗಿದ್ದಳು. ಪುಸ್ತಕ ಓದುವುದಕ್ಕೆಂದೇ ಮಾಡಿದ ಬೂದು ಪರದೆಯ ಇ-ರೀಡರುಗಳನ್ನು ಜನ ಬಳಸಿ ಬಿಟ್ಟ ಮೇಲೆ ಒಟ್ಟುಮಾಡಿ ಹಂಚುವ ಸಂಸ್ಥೆಯೊಂದಕ್ಕೆ ಯುಗಾದಿಯ ಹೊತ್ತಿನಲ್ಲಿ ಪತ್ರ ಬರೆದಿದ್ದಳು. ಕೆಟ್ಟಿರುವುದನ್ನೂ ಕಳಿಸಿ, ನಮ್ಮ ಮನೆಯವರು ರಿಪೇರಿ ಮಾಡುತ್ತಾರೆ ಎಂದು ಬರೆದಿದ್ದಳು. ನನ್ನನ್ನು ಕೇಳಿರಲಿಲ್ಲ. ಪೆಟ್ಟಿಗೆಯೊಳಗೆ ಆ ಪತ್ರದ ನಕಲೂ ಸಂಸ್ಥೆಯವರ ಉತ್ತರವೂ ಇದ್ದವು. ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಒಂದೊಂದು ಹಳ್ಳಿಯ ಗ್ರಂಥಾಲಯಕ್ಕೆ ಇವನ್ನು ಕೊಡಬೇಕು. ವರ್ಷದ ಕೊನೆಗೆ ಬಂದು ನೋಡುತ್ತೇವೆ. ಯಾರೂ ಓದದೆ ಬಿದ್ದಿದ್ದರೆ ವಾಪಸು ಪಡೆದು ಬೇರೆ ಜಿಲ್ಲೆಗೆ ಕೊಡುತ್ತೇವೆ ಎಂದಿತ್ತು.

ಅವಳು ಕೊನೆಯದಾಗಿ ಹಚ್ಚಿಕೊಂಡಿದ್ದ ಕೆಲಸ ಅದು. ನಾನು ಮುಗಿಸದಿದ್ದರೆ ಮುಗಿಸುವವರು ಬೇರೆ ಯಾರೂ ಇರಲಿಲ್ಲ.

ಪೆಟ್ಟಿಗೆಗಳಲ್ಲಿ ಒಟ್ಟು ಮೂವತ್ತೊಂದು ಯಂತ್ರಗಳಿದ್ದವು. ಅಪ್ಪ ಚಿನ್ನದ ಕೆಲಸ ಮಾಡುತ್ತಿದ್ದ ಅದೇ ಮಣೆಯ ಮುಂದೆ ಚಾಪೆ ಹಾಸಿ ಎಲ್ಲವನ್ನೂ ಹರಡಿದೆ. ಪಕ್ಕದ ಅಂಗಡಿಯಲ್ಲಿ ಕುಡುಗೋಲು ಸಾಣೆ ಹಿಡಿಯುವ, ಗ್ರಿಲ್ ವೆಲ್ಡಿಂಗ್ ಮಾಡುವ ಹಿರಿಯರೊಬ್ಬರಿದ್ದಾರೆ. ನಮ್ಮ ಕುಲದವರೇ. ನಾನು ಅವರನ್ನು ದೊಡ್ಡಪ್ಪ ಎನ್ನುತ್ತೇನೆ. ಅವರು ಬಾಗಿಲಿಗೆ ಒರಗಿ ನಿಂತು ನೋಡಿದರು.

"ಇದೇನ್ಲಾ ಮಗ, ಸಲೇಟ್ ಅಂಗ್ಡಿ ಇಕ್ಕಂಡಾ?"

"ಪುಸ್ತಕ ಕಣ್ ದೊಡ್ಡಪ್ಪ. ಒಂದೊಂದ್ರಲ್ಲೂ ಸಾವ್ರ ಪುಸ್ತಕ ಮಡಗ್ಬೋದು."

"ಸಾವ್ರಾನಾ! ನಂಗೆ ರೇಷನ್ ಕಾರ್ಡ್ ಓದಕ್ಕೇ ಕನ್ನಡ್ಕ ಬೇಕು, ಓಗ್ಲಾ." ಆಮೇಲೆ ದನಿ ತಗ್ಗಿಸಿ, "ಆಯಮ್ಮ ತರ್ಸಿದ್ದಾ?" ಎಂದರು. ತಲೆಯಾಡಿಸಿದೆ. ಅವರು ಹೋಗಿ ಸಾಣೆ ಶುರುಮಾಡಿದರು.

ಯಂತ್ರಗಳನ್ನು ಮೂರು ಗುಡ್ಡೆ ಮಾಡಿದೆ. ಮೊದಲ ಗುಡ್ಡೆಯಲ್ಲಿ ಒಂಬತ್ತು, ಎಲ್ಲಕ್ಕಿಂತ ಹಳೆಯವು. ದಪ್ಪ ಮೈ, ಪರದೆಯ ಕೆಳಗೆ ಪುಟ್ಟ ಪುಟ್ಟ ಅಕ್ಷರದ ಗುಂಡಿಗಳು, ಪುಟ ತಿರುಗಿಸಲು ಎರಡೂ ಪಕ್ಕದಲ್ಲಿ ಉದ್ದ ಗುಂಡಿ, ಹಿಂದೆ ಸ್ಪೀಕರು. ಓದುವವನಿಗೆ ಬರೆಯಬೇಕೆಂದೂ ಕೇಳಬೇಕೆಂದೂ ಅನ್ನಿಸುತ್ತದೆ ಎಂದು ಆಗ ಮಾಡಿದವರು ಅಂದುಕೊಂಡಿದ್ದರು. ಎರಡನೆಯ ಗುಡ್ಡೆಯಲ್ಲಿ ಹನ್ನೆರಡು. ಅವುಗಳಲ್ಲಿ ಸ್ಪೀಕರೂ ಗುಂಡಿಗಳೂ ಹೋಗಿ, ಪರದೆ ಬಾಗಿಲ ಚೌಕಟ್ಟಿನೊಳಗೆ ಇಟ್ಟಂತೆ ಒಂದಿಷ್ಟು ತಗ್ಗಿನಲ್ಲಿತ್ತು. ಸುತ್ತ ಎದ್ದ ಅಂಚು. ಬೆರಳು ತಾಗಿಸಿದರೆ ಪುಟ ತಿರುಗುತ್ತದೆ. ಮೂರನೆಯ ಗುಡ್ಡೆಯ ಹತ್ತು ಇತ್ತೀಚಿನವು. ತೆಳ್ಳಗೆ, ಅಂಚೇ ಇಲ್ಲದೆ ಮೇಲಿಂದ ಕೆಳಗೆ ಒಂದೇ ಗಾಜು, ಒಳಗೆ ಹೆಚ್ಚು ಕಡಿಮೆ ಮಾಡಬಲ್ಲ ದೀಪ. ಹದಿನೈದು ವರ್ಷಗಳಲ್ಲಿ ಈ ಯಂತ್ರ ಮೊದಲು ದನಿ, ಆಮೇಲೆ ಗುಂಡಿ, ಕೊನೆಗೆ ಅಂಚು, ಹೀಗೆ ಮೈಮೇಲಿನದನ್ನೆಲ್ಲ ಕಳಚುತ್ತ ಬಂದದ್ದು ಆ ಮೂರು ಗುಡ್ಡೆ ನೋಡಿದರೆ ತಿಳಿಯುತ್ತಿತ್ತು.

ಈ ಪರದೆಗಳದ್ದು ಒಂದು ಗುಣವಿದೆ. ಮೊಬೈಲಿನ ಹಾಗೆ ಅಲ್ಲ, ಬ್ಯಾಟರಿ ಪೂರ್ತಿ ಸತ್ತರೂ ಕೊನೆಗೆ ಮೂಡಿದ್ದು ಹಾಗೆಯೇ ಉಳಿದಿರುತ್ತದೆ. ಒಳಗೆ ಕಪ್ಪು ಬಿಳಿ ಕಣಗಳಿರುತ್ತವೆ. ಕರೆಂಟು ಬೇಕಾಗುವುದು ಅವನ್ನು ಕದಲಿಸಲು ಮಾತ್ರ, ನಿಲ್ಲಿಸಿಡಲು ಅಲ್ಲ. ಹಾಗಾಗಿ ಚಾಪೆಯ ಮೇಲೆ ಯಾರ್ಯಾರೋ ಓದುತ್ತ ಓದುತ್ತ ಎದ್ದು ಹೋದ ಪುಟಗಳು ಬಿದ್ದಿದ್ದವು. ಒಂದರಲ್ಲಿ ವಾಕ್ಯ ಅರ್ಧಕ್ಕೆ ನಿಂತಿತ್ತು. ನಾಲ್ಕೈದರಲ್ಲಿ, ಯಂತ್ರ ಮಲಗಿದಾಗ ತೋರುವ ಮನುಷ್ಯರ ಮುಖಗಳಿದ್ದವು. ಮಧ್ಯಾಹ್ನದ ಬಿಸಿಲು ಶಟರಿನ ಕೆಳಗಿಂದ ಬಂದು ಅವುಗಳ ಮೇಲೆ ಬಿದ್ದಾಗ ಯಾರೋ ಮಲಗಿ ಕಣ್ಣು ತೆರೆದುಕೊಂಡೇ ಇದ್ದಾರೆ ಅನ್ನಿಸುತ್ತಿತ್ತು. ಆ ನಾಲ್ಕೈದನ್ನು ಕವುಚಿ ಇಟ್ಟೆ.

ಎರಡು ತಿಂಗಳು ಹಿಡಿಯಿತು. ಬಹುಪಾಲು ತೊಂದರೆ ಬ್ಯಾಟರಿಯದು. ಉಬ್ಬಿ ಹಿಂಬದಿಯನ್ನು ಒತ್ತಿದ್ದವು. ಅಂಟನ್ನು ಬಿಸಿಗಾಳಿಯಲ್ಲಿ ಸಡಿಲಿಸಿ, ಅಪ್ಪನ ಹಿತ್ತಾಳೆ ಪಟ್ಟಿಯಿಂದ ನಿಧಾನಕ್ಕೆ ಎಬ್ಬಬೇಕು. ಪರದೆಯ ಹಿಂದಿನ ಗಾಜು ಹಪ್ಪಳದಷ್ಟು ತೆಳು. ಎರಡನ್ನು ಒಡೆದುಹಾಕಿದೆ. ಅವುಗಳ ಬಿಡಿಭಾಗ ಬೇರೆಯವಕ್ಕೆ ಆಯಿತು. ಕೊನೆಗೆ ಇಪ್ಪತ್ತೊಂಬತ್ತು ಉಳಿದವು.

ಕನ್ನಡ ಇನ್ನೊಂದು ಗೋಳು. ಮೂರನೆಯ ಗುಡ್ಡೆಯವು ಕನ್ನಡವನ್ನು ಚೆನ್ನಾಗಿ ತೋರಿಸುತ್ತಿದ್ದವು. ಹಳೆಯವಕ್ಕೆ ಒತ್ತಕ್ಷರ ಗೊತ್ತೇ ಇರಲಿಲ್ಲ. ಅಕ್ಷರಗಳು ಉದುರಿಬಿದ್ದ ಹಲ್ಲಿನ ಹಾಗೆ ಬಿಡಿಬಿಡಿಯಾಗಿ ಕಾಣುತ್ತಿದ್ದವು. ವಾರಗಟ್ಟಲೆ ಏನೇನೋ ಮಾಡಿ ನೋಡಿದೆ, ಆಗಲಿಲ್ಲ. ಆಮೇಲೆ ಅವಳ ಲ್ಯಾಪ್‌ಟಾಪು ತೆರೆದೆ. ಪ್ರಕಟಣೆಯ ಹಕ್ಕು ಮುಗಿದ ಹಳೆಯ ಪುಸ್ತಕಗಳನ್ನು ಅವಳು ಪುಟ ಪುಟವಾಗಿ ಫೋಟೋ ಹಿಡಿದಿಟ್ಟಿದ್ದಳು. ಅದೇ ಫೋಟೋಗಳನ್ನು ಹಳೆಯ ಪರದೆಯ ಅಳತೆಗೆ ಕತ್ತರಿಸಿ ತುಂಬಿದರೆ, ಯಂತ್ರಕ್ಕೆ ಕನ್ನಡ ಬರದಿದ್ದರೂ ಪುಟ ಕಾಣುತ್ತದೆ.

ಕೆಲವು ಪುಟಗಳ ಅಂಚಿನಲ್ಲಿ, ಪುಸ್ತಕ ಮುಚ್ಚಿಕೊಳ್ಳದಂತೆ ಒತ್ತಿಹಿಡಿದ ಅವಳ ಹೆಬ್ಬೆರಳಿನ ತುದಿ ಬಿದ್ದಿತ್ತು. ಕತ್ತರಿಸಬೇಕು. ಇಂಥ ನಲವತ್ತಕ್ಕೂ ಹೆಚ್ಚು ಪುಟಗಳನ್ನು ಕತ್ತರಿಸಿದೆ. ಒಂದು ಪುಸ್ತಕದ ಮೂರು ಪುಟಗಳನ್ನು ಮಾತ್ರ ಹಾಗೆಯೇ ಬಿಟ್ಟೆ. ಅಕ್ಷರ ಮುಚ್ಚಿರಲಿಲ್ಲ, ಯಾರಿಗೂ ಅಡ್ಡಿಯಿರಲಿಲ್ಲ.

ಅವಳದೇ ಒಂದು ಇ-ರೀಡರು ಅಂಗಡಿಯಲ್ಲಿತ್ತು. ಯಾರೋ ಮಾರಿದ ಹಳೆಯದನ್ನು ಮೂರು ವರ್ಷದ ಹಿಂದೆ ರಿಪೇರಿ ಮಾಡಿ ಕೊಟ್ಟಿದ್ದೆ. ಎರಡನೆಯ ಗುಡ್ಡೆಯ ಮಾದರಿಯೇ. ಒಂದು ದಪ್ಪ ಕಾದಂಬರಿಯ ನೂರ ನಲವತ್ತಮೂರನೆಯ ಪುಟದಲ್ಲಿ ಅವಳು ನಿಲ್ಲಿಸಿದ್ದಳು. ಬೆಳಿಗ್ಗೆ ಶಟರು ಎತ್ತಿದ ಕೂಡಲೇ ಅದನ್ನು ಎಬ್ಬಿಸಿ, ಚಾರ್ಜರು ಸಿಕ್ಕಿಸಿ, ಮಣೆಯ ಬಲಕ್ಕೆ ಇಟ್ಟುಕೊಳ್ಳುತ್ತಿದ್ದೆ. ಹತ್ತು ನಿಮಿಷ ಮುಟ್ಟದಿದ್ದರೆ ಅದು ಮಲಗಿಬಿಡುತ್ತಿತ್ತು, ನೆನಪಾದಾಗಲೆಲ್ಲ ಮತ್ತೆ ಎಬ್ಬಿಸುತ್ತಿದ್ದೆ. ನಾನು ಓದುವವನಲ್ಲ. ಆ ಪುಟವನ್ನೂ ಓದಿರಲಿಲ್ಲ. ಇರಲಿ ಎಂದು ಇಟ್ಟಿದ್ದೆ, ಅಷ್ಟೆ.

ಆಯುಧಪೂಜೆ ಬಂತು. ಸಾವಾದ ವರ್ಷ ನಮ್ಮಲ್ಲಿ ಹಬ್ಬ ಮಾಡುವುದಿಲ್ಲ. ಬಸ್ಸುಗಳಿಗೆ ಬಾಳೆಕಂದು ಕಟ್ಟುವುದು, ಬೂದುಗುಂಬಳ ಒಡೆಯುವುದು ಇವನ್ನೆಲ್ಲ ನೋಡಿಕೊಂಡು ಕೂರುವುದು ಬೇಡವೆಂದು ಎರಡು ದಿನ ನಾಗಮಂಗಲದ ಅಕ್ಕನ ಮನೆಗೆ ಹೋದೆ. ಬೀಗದ ಕೈ ದೊಡ್ಡಪ್ಪನ ಹತ್ತಿರ ಬಿಟ್ಟಿದ್ದೆ. ಹೊಸ ಬ್ಯಾಟರಿಗಳ ಪಾರ್ಸೆಲು ಬರುವುದಿತ್ತು.

ವಾಪಸು ಬಂದು ಶಟರು ಎತ್ತಿದಾಗ ಅಂಗಡಿಯಲ್ಲಿ ಗಂಧದ ವಾಸನೆ ಇತ್ತು. ತೀರ ಸಣ್ಣಗೆ. ಉಸಿರೆಳೆದು ಹುಡುಕಿದರೆ ಇಲ್ಲ, ಸುಮ್ಮನಿದ್ದರೆ ಇದೆ. ಎಲ್ಲ ವಸ್ತುವೂ ಇಟ್ಟ ಕಡೆಯೇ ಇತ್ತು. ಅಕ್ಕಪಕ್ಕದ ಅಂಗಡಿಗಳ ಪೂಜೆಯದಿರಬೇಕು ಅಂದುಕೊಂಡೆ.

ನಾಲ್ಕನೆಯ ದಿನವೋ ಐದನೆಯ ದಿನವೋ, ಮಧ್ಯಾಹ್ನ ಬೆಸುಗೆ ಹಾಕುತ್ತಿದ್ದೆ. ಹೊಗೆ ಮುಖಕ್ಕೆ ಬಡಿಯದಂತೆ ಟೇಬಲ್ ಫ್ಯಾನು ಓಡುತ್ತಿತ್ತು. ಬಲಗಡೆ ಏನೋ ರೆಪ್ಪೆ ಬಡಿದಂತಾಯಿತು. ತಿರುಗಿ ನೋಡಿದೆ. ಈ ಪರದೆಗಳು ಪುಟ ಬದಲಿಸುವಾಗ ಒಮ್ಮೆ ಪೂರ್ತಿ ಕಪ್ಪಾಗಿ ಮತ್ತೆ ಬೆಳ್ಳಗಾಗುತ್ತವೆ. ಸದ್ದಿರುವುದಿಲ್ಲ. ಅವಳ ಇ-ರೀಡರಿನ ಕೆಳಗೆ ನೂರ ನಲವತ್ತನಾಲ್ಕು ಎಂದಿತ್ತು.

ಕೈ ತಾಗಿರಬೇಕು ಅಂದುಕೊಂಡೆ. ಕೈಯಲ್ಲಿ ಕಾದ ಸಾಲ್ಡರ್ ಕಡ್ಡಿ ಇತ್ತು, ಯಂತ್ರ ಒಂದು ಮೊಳ ದೂರ ಇತ್ತು. ನೋಡುತ್ತಲೇ ಕೂತೆ. ನಾಲ್ಕೈದು ನಿಮಿಷ ಬಿಟ್ಟು ಮತ್ತೆ ಕಪ್ಪಾಯಿತು, ಬೆಳ್ಳಗಾಯಿತು. ನೂರ ನಲವತ್ತೈದು.

ಹೆದರಿಕೆ ಆಯಿತೇ ಎಂದರೆ, ಆಯಿತು. ಆದರೆ ಎದ್ದು ಹೋಗಬೇಕು ಅನ್ನಿಸಲಿಲ್ಲ. ಇಪ್ಪತ್ತು ವರ್ಷ ರಿಪೇರಿ ಮಾಡಿದವನು ನಾನು. ತಾನಾಗಿ ನಡೆಯುವ ಯಂತ್ರ ಕಂಡರೆ ಕೈ ಮೊದಲು ಸ್ಕ್ರೂಡ್ರೈವರಿಗೆ ಹೋಗಬೇಕು. ಅವತ್ತು ಹೋಗಲಿಲ್ಲ. ಒಂದು ಚೀಟಿಯಲ್ಲಿ ಪುಟದ ಸಂಖ್ಯೆ ಬರೆದುಕೊಂಡೆ. ಆಮೇಲೆ ದಿನವೂ ಬರೆದೆ. ಒಂದು ದಿನ ಆರು ಪುಟ, ಒಂದು ದಿನ ಎರಡು, ಕೆಲವು ದಿನ ಒಂದೂ ಇಲ್ಲ. ಕೆಲಸ ಹೆಚ್ಚಿದ್ದ ದಿನ ಅವಳು ಮನೆಯಲ್ಲಿ ಓದುತ್ತಿದ್ದದ್ದೂ ಅಷ್ಟೇ. ನಾನು ಬೆಸುಗೆಯ ಕೆಲಸ ಮಾಡುತ್ತ, ಬಲಗಡೆ ಪೂರ್ತಿ ತಿರುಗಿ ನೋಡದೆ ಇರುವುದನ್ನು ಕಲಿತೆ.

ದೀಪಾವಳಿ ಕಳೆದು ನಾಲ್ಕೂ ಗ್ರಂಥಾಲಯಗಳಿಗೆ ಯಂತ್ರಗಳನ್ನು ಮುಟ್ಟಿಸಿದೆ. ಮೂರೂ ಗುಡ್ಡೆಯವನ್ನು ಬೆರೆಸಿ ಏಳೋ ಎಂಟೋ ಕೊಟ್ಟೆ. ಎರಡು ವಾರ ಯಾರೂ ಏನೂ ಹೇಳಲಿಲ್ಲ. ಆಮೇಲೆ ಒಂದು ಬುಧವಾರ ಕೆ.ಆರ್. ಪೇಟೆ ಕಡೆಯಿಂದ ಫೋನು ಬಂತು. ಗೋವಿಂದನಹಳ್ಳಿಗೆ ಹೋಗುವ ದಾರಿಯಲ್ಲಿರುವ ಊರಿನ ಗ್ರಂಥಾಲಯದ ಮೇಲ್ವಿಚಾರಕಿ. ನನ್ನ ಹೆಂಡತಿಯ ಸ್ನೇಹಿತೆ, ಅವಳನ್ನು ಅಕ್ಕ ಎನ್ನುತ್ತಿದ್ದವರು.

"ಅಣ್ಣಾ, ಒಂದ್ಸಲ ಬಂದೋಗಿ. ಫೋನಲ್ಲಿ ಏಳಕ್ಕಾಗಲ್ಲ."

"ಯಾಕವ್ವ, ಆನ್ ಆಗ್ತಿಲ್ವಾ?"

"ಆಯ್ತವೆ ಅಣ್ಣ. ಅದೇ ತೊಂದ್ರೆ."

ಮಾರನೆಯ ದಿನ ಬಸ್ಸು ಹತ್ತಿದೆ. ತಲುಪಿದಾಗ ಎರಡು ಗಂಟೆ. ಗ್ರಂಥಾಲಯದ ಜಗಲಿಯ ಮೇಲೆ ಏಳೆಂಟು ಜನ ಕೂತಿದ್ದರು. ಒಳಗೆ ಒಬ್ಬರೂ ಇರಲಿಲ್ಲ. ಖಾಲಿ ಕುರ್ಚಿಗಳ ಮೇಲೆ ಫ್ಯಾನು ತಿರುಗುತ್ತಿತ್ತು. ಹಾಲಿನ ಡೇರಿಯಲ್ಲಿ ಕಾರ್ಯದರ್ಶಿಯಾಗಿದ್ದು ಈಗ ದಿನವೂ ಬಂದು ಓದುವ ಗೌಡರೊಬ್ಬರು ಎದ್ದು ಕೈಮುಗಿದರು.

"ಬನ್ನಿ ಆಚಾರ್ರೇ. ನಿಮ್ಮ ಮಿಷನ್ನು ನಮಗಿಂತ ಜೋರಾಗಿ ಓದ್ತಾವೆ ಕಣ್ರೀ. ನಾನೊಂದ್ ಪುಟ ಮುಗ್ಸಾಷ್ಟ್ರಲ್ಲಿ ಅದು ಮೂರು ಮುಗ್ಸಿರ್ತದೆ."

"ನಗ್ಬೇಡಿ ಗೌಡ್ರೇ," ಎಂದರು ಮೇಲ್ವಿಚಾರಕಿ. "ಮೊನ್ನೆ ಎಲ್ಲಾರ್ಗಿಂತ ಮೊದ್ಲು ಈಚೆಗೆ ಓಡ್ಬಂದವ್ರು ನೀವೇಯ. ಚಪ್ಲೀನೂ ಒಳಗೇ ಬುಟ್ಬುಟ್ಟು."

"ನಾನ್ಯಾಕ್ ಓಡ್ಲಿ? ಗಾಳಿ ಬೇಕು ಅನ್ನುಸ್ತು, ಬಂದೆ."

ಎಲ್ಲರೂ ನಕ್ಕರು. ನಗುತ್ತಲೇ ಯಾರೂ ಹೊಸಿಲು ದಾಟಲಿಲ್ಲ. ನಾನೂ ಮೇಲ್ವಿಚಾರಕಿಯೂ ಒಳಗೆ ಹೋದೆವು. ಮೇಜಿನ ಮೇಲೆ ಎಂಟು ಯಂತ್ರಗಳನ್ನೂ ಎಬ್ಬಿಸಿ ಸಾಲಾಗಿಟ್ಟು ಕಾದೆವು. ಹೊರಗೆ ಎಲ್ಲೋ ಟ್ರಾಕ್ಟರಿನ ಸದ್ದು ಬಿಟ್ಟರೆ ಏನೂ ಇಲ್ಲ. ಮೂರನೆಯ ಯಂತ್ರ ರೆಪ್ಪೆ ಬಡಿಯಿತು. ಸ್ವಲ್ಪ ಹೊತ್ತಿಗೆ ತುದಿಯದು. ಮತ್ತೆ ಮೂರನೆಯದು. ಪುಟಗಳು ಹಾಗೇ ಮುಂದೆ ಹೋಗಿ, ಒಂದು ಪುಟದ ಅಂಚಿನಲ್ಲಿ ಅವಳ ಹೆಬ್ಬೆರಳು ಬಂತು.

"ಅಕ್ಕನ್ ಬೆರಳಲ್ವಾ ಅಣ್ಣ ಇದು?"

"ಹೂಂ."

"ಅಂಗಾರೆ ತಿರುಗುಸ್ತಿರೋದೂ..." ಎಂದು ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಗೌಡರು ಬಾಗಿಲಲ್ಲಿ ನಿಂತೇ ಹೇಳಿದರು: "ಆಯಮ್ಮ ಇಲ್ಲಿಗೆ ಎಷ್ಟ್ ದಪ ಬಂದವ್ರೆ. ಒಳ್ಳೇವ್ರು. ತೊಂದ್ರೆ ಕೊಡಾಕಿಲ್ಲ ಅಂತ ನಮಗೂ ಗೊತ್ತು. ಆದ್ರೂ ಎಣ್ಮಕ್ಳು ಎದ್ರಿಕತವ್ರೆ ಆಚಾರ್ರೇ. ಸೋಮ್ವಾರ ಪಂಚಾಯ್ತಿ ಮೀಟಿಂಗದೆ. ಎಲ್ಲಾನೂ ವಾಪಸ್ ಕಳ್ಸಾದು ಅಂತ ಮಾತಾಗದೆ." ಆಮೇಲೆ ಮೆಲ್ಲಗೆ, "ನಿಮ್ಮನೇಲೂ ಇಂಗಾಯ್ತದಾ?" ಎಂದು ಕೇಳಿದರು.

"ಇಲ್ಲ" ಎಂದು ಸುಳ್ಳು ಹೇಳಿದೆ.

ಅರ್ಧ ಗಂಟೆ ಕೂತೆ. ಎಂಟರಲ್ಲಿ ಮೂರು ಮಾತ್ರ ತಿರುಗುತ್ತಿದ್ದವು. ಮೂರೂ ಎದ್ದ ಅಂಚಿನವು, ಮಧ್ಯದ ಗುಡ್ಡೆಯವು. ಗುಂಡಿಯವು ಸುಮ್ಮನಿದ್ದವು, ನುಣುಪು ಗಾಜಿನವು ಸುಮ್ಮನಿದ್ದವು. ಅದನ್ನು ಕಂಡ ಗಳಿಗೆಯಲ್ಲೇ ನನಗೆ ತಿಳಿಯಿತು. ಸತ್ತವರು ಮಾದರಿ ನೋಡಿಕೊಂಡು ಬರುವುದಿಲ್ಲ. ಇದು ಯಂತ್ರದ ದೋಷ. ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಇಲ್ಲಿಯದು ದೋಷವಾದರೆ ನನ್ನ ಮಣೆಯ ಬಲಕ್ಕಿರುವುದೂ ದೋಷವೇ.

ಒಂದು ಯಂತ್ರ ಕೊಡಿ, ಬಿಚ್ಚಿ ನೋಡುತ್ತೇನೆ ಎಂದೆ. ಮೇಲ್ವಿಚಾರಕಿ ಒಪ್ಪಲಿಲ್ಲ. ಎಲ್ಲವೂ ಸ್ಟಾಕ್ ರಿಜಿಸ್ಟರಿಗೆ ಹತ್ತಿವೆ, ಮೀಟಿಂಗಿನಲ್ಲಿ ತೀರ್ಮಾನವಾಗದೆ ಹೊರಗೆ ಕೊಡುವ ಹಾಗಿಲ್ಲ ಎಂದರು.

ಬಸ್ಸಿನಿಂದಲೇ ಬೇರೆ ಮೂರು ಕಡೆಗೂ ಫೋನು ಮಾಡಿದೆ. ತೊಣ್ಣೂರಿನ ಕಡೆಯವರು, ಒಂದು ವಾರದಿಂದ ಯಂತ್ರಗಳನ್ನು ಮೇಡಂ ಕೂರುತ್ತಿದ್ದ ಕುರ್ಚಿಯ ಮೇಲಿಟ್ಟು ಬಾಗಿಲು ಹಾಕಿದ್ದೇವೆ, ನಿಮಗೆ ಹೇಗೆ ಹೇಳುವುದೆಂದು ಸುಮ್ಮನಿದ್ದೆವು ಎಂದರು. ನಾಗಮಂಗಲದವರೂ ಶ್ರೀರಂಗಪಟ್ಟಣದವರೂ ಅವಳನ್ನು ಕಂಡವರಲ್ಲ. ನಾಗಮಂಗಲದವರು "ಎರಡು ಕೆಟ್ಟೋಗವೆ, ಪುಟ ಎಗರಿಸ್ತಾವೆ" ಎಂದರು. ಶ್ರೀರಂಗಪಟ್ಟಣದವರು, "ಮೂರು ಸರಿಯಿಲ್ಲ, ಬೀರುವಿನಲ್ಲಿ ಇಟ್ಟಿದೀನಿ, ನಾನು ಊರಲ್ಲಿಲ್ಲ, ಮುಂದಿನ ವಾರ ಬಂದು ನೋಡಿ" ಎಂದರು. ಅವಳನ್ನು ಬಲ್ಲ ಊರುಗಳಲ್ಲಿ ಮಾತ್ರ ಅದು ಅವಳಾಗಿತ್ತು.

ಸೋಮವಾರದೊಳಗೆ ಕಾರಣ ಹುಡುಕದಿದ್ದರೆ ಒಂದು ಊರಿನವು ವಾಪಸಾಗುತ್ತವೆ. ಸುದ್ದಿ ಹರಡಿದರೆ ಉಳಿದವೂ ಅದೇ ದಾರಿ. ಅವಳು ಬರೆದ ಪತ್ರ, ಹಿಡಿದ ಫೋಟೋ, ಎಲ್ಲ ಬೇರೆ ಜಿಲ್ಲೆಗೆ. ಉಳಿದವೆಲ್ಲ ಒಂದೊಂದು ಗ್ರಂಥಾಲಯದ ರಿಜಿಸ್ಟರಿಗೆ ಹತ್ತಿದ್ದವು, ಕಾರಣ ಹುಡುಕಲು ನನ್ನ ಕೈಯಲ್ಲಿದ್ದ ಆ ಮಾದರಿಯ ಯಂತ್ರ ಒಂದೇ, ಅವಳದು. ಬಿಚ್ಚಿದರೆ ಮತ್ತೆ ತಾನಾಗಿ ಪುಟ ತಿರುಗುವುದಿಲ್ಲ. ಅದು ನನಗೆ ಸ್ಪಷ್ಟವಾಗಿ ಗೊತ್ತಿತ್ತು.

ಶುಕ್ರವಾರ ಬಿಚ್ಚಲಿಲ್ಲ. ಬೇರೆ ಕೆಲಸ ಮಾಡಿದೆ. ಅವತ್ತು ಒಂಬತ್ತು ಪುಟ ಹೋಯಿತು, ಇನ್ನೂರ ಎಂಟಕ್ಕೆ ಬಂದಿತು. ಶನಿವಾರ ಬೆಳಿಗ್ಗೆ ಸ್ಕ್ರೂಡ್ರೈವರು ಕೈಗೆ ತೆಗೆದುಕೊಂಡು ಕೆಳಗಿಟ್ಟೆ. ಕಾದಂಬರಿ ಮುಗಿಯಲಿ, ಆಮೇಲೆ ನೋಡೋಣ ಅನ್ನಿಸಿತು. ಹೀಗೆ ಅನ್ನಿಸಿದ್ದನ್ನು ಯಾರಿಗೂ ಹೇಳಿರಲಿಲ್ಲ. ಇನ್ನೂ ಇನ್ನೂರಕ್ಕೂ ಹೆಚ್ಚು ಪುಟಗಳಿದ್ದವು.

ಶನಿವಾರ ಮಧ್ಯಾಹ್ನ ಪುಟ ಇನ್ನೂರ ಹನ್ನೊಂದು. ಪುಟ ತಿರುಗಿದಾಗಲೆಲ್ಲ, ಇಲ್ಲೂ ಆ ಗ್ರಂಥಾಲಯದಲ್ಲೂ, ಫ್ಯಾನು ಓಡುತ್ತಿದ್ದದ್ದು ನೆನಪಾಗಿ ಫ್ಯಾನು ಆರಿಸಿದೆ. ಹತ್ತು ನಿಮಿಷ ಅದನ್ನೇ ನೋಡಿದೆ. ಪುಟ ತಿರುಗಲಿಲ್ಲ, ಯಂತ್ರ ಮಲಗಿತು. ಎಬ್ಬಿಸಿ ಫ್ಯಾನು ಹಾಕಿದೆ. ಯಂತ್ರಕ್ಕೆ ಒಮ್ಮೆ ಗಾಳಿ ಸಿಕ್ಕಿ ಒಮ್ಮೆ ತಪ್ಪುವಂತೆ ಫ್ಯಾನು ಅತ್ತಿತ್ತ ಆಡುತ್ತಿತ್ತು. ಪರದೆ ಕಪ್ಪಾಗುವ ಮೊದಲೇ ಎದ್ದು ಫ್ಯಾನಿನ ಸ್ವಿಚ್ಚನ್ನು ಆರಿಸಿಬಿಟ್ಟೆ. ಅದು ಅವಳೇ ಆಗಿದ್ದರೆ, ಅವಳನ್ನೇ ಗಾಳಿ ಬಿಟ್ಟು ಗಾಳಿ ನಿಲ್ಲಿಸಿ ಪರೀಕ್ಷೆ ಮಾಡುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಸ್ಕ್ರೂ ಬಿಚ್ಚಿದೆ.

ಆ ಮಾದರಿಯಲ್ಲಿ ಎದ್ದ ಅಂಚಿನೊಳಗಿಂದ ಕಣ್ಣಿಗೆ ಕಾಣದ ಬೆಳಕಿನ ಎಳೆಗಳು ಪರದೆಯ ಮೇಲೆ ಅಡ್ಡಡ್ಡ ಉದ್ದುದ್ದ ಹಾಯುತ್ತವೆ. ಬೆರಳು ಎಳೆಯನ್ನು ಕಡಿದರೆ, ಇಲ್ಲಿ ಮುಟ್ಟಿದರು ಎಂದು ಯಂತ್ರ ತಿಳಿಯುತ್ತದೆ. ಬೆರಳೇ ಆಗಬೇಕಿಲ್ಲ. ಮೊದಲ ಗುಡ್ಡೆಗೆ ಗುಂಡಿ ಒತ್ತಬೇಕು, ಮೂರನೆಯದರ ಗಾಜಿಗೆ ಚರ್ಮವೇ ತಾಗಬೇಕು. ಮಧ್ಯದ್ದಕ್ಕೆ ಮಾತ್ರ ಏನು ಅಡ್ಡ ಬಂದರೂ ಸಾಕು.

ಬ್ಯಾಟರಿಯ ತಂತಿ ಕಳಚಿ, ಮುಂದಿನ ಚೌಕಟ್ಟು ಎಬ್ಬಿಸಿದೆ. ಅಪ್ಪನ ಭೂತಗನ್ನಡಿ ಕಣ್ಣಿಗೆ ಹಿಡಿದು ಬಲಗಡೆಯ ಸಂದಿಯನ್ನು ನೋಡಿದೆ. ಉಗುರಿನ ತುದಿಯಷ್ಟು ಒಂದು ಚಕ್ಕೆ. ಒಂದು ಕೊನೆ ಅಂಟಿಕೊಂಡಿತ್ತು, ಇನ್ನೊಂದು ಒಣಗಿ ಸುರುಟಿ ಮೇಲೆದ್ದಿತ್ತು. ಉಸಿರು ಬಿಟ್ಟರೆ ನಡುಗುತ್ತಿತ್ತು. ಚಿಮ್ಮಟದಿಂದ ತೆಗೆದು ಬಿಳಿ ಕಾಗದದ ಮೇಲಿಟ್ಟೆ. ಕೆಳಗೆ ಹಳದಿ, ಮೇಲೆ ಕೆಂಪು. ಮೂಗಿನ ಹತ್ತಿರ ತಂದೆ.

ಗಂಧ. ಅದರ ಮೇಲೆ ಕುಂಕುಮ.

ಅವಳ ಹಣೆಗೆ ಕೊನೆಯ ಸಲ ಇಟ್ಟು ಮುಚ್ಚಿದ ಮೇಲೆ ನಮ್ಮ ಮ‌ನೆಯಲ್ಲಿ ಕುಂಕುಮದ ಭರಣಿ ತೆರೆದಿಲ್ಲ. ಅಂಗಡಿಯಲ್ಲಿ ಕುಂಕುಮ ಇರಲೇ ಇಲ್ಲ. ಈ ವರ್ಷ ನಮಗೆ ಪೂಜೆಯಿಲ್ಲ. ಎರಡು ದಿನದಿಂದ ಇದು ಯಂತ್ರದ ದೋಷ ಎಂದು ನನಗೆ ನಾನೇ ಹೇಳಿಕೊಂಡು ಬಂದವನು, ಆ ನಡುಮಧ್ಯಾಹ್ನ, ಕಾರಣ ಕೈಯಲ್ಲಿ ಹಿಡಿದುಕೊಂಡೇ, ಮೊದಲಿಗಿಂತ ಹೆಚ್ಚು ಹೆದರಿ ಬೀದಿಗೆ ಬಂದು ನಿಂತೆ.

"ಏನ್ಲಾ, ದೆವ್ವ ಕಂಡಂಗೆ ನಿಂತ್ಕಂಡಿದ್ದೀಯ?" ಎಂದರು ದೊಡ್ಡಪ್ಪ.

ಕಾಗದ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ನೋಡಿದರು. ಸಾಣೆಯ ಮೋಟರು ಆರಿಸಿದರು. ಅದು ತಿರುಗಿ ತಿರುಗಿ ನಿಂತಿತು.

"ನಾನೇ ಕಣ್ಲಾ."

"ಏನು ನೀವೇ?"

"ಆಯುದ್ಪೂಜೆ ದಿಸ ಬೀಗದ್ ಕೈ ಕೊಟ್ಟೋಗಿದ್ದಲ್ಲ. ನಿಂಗೆ ಅಬ್ಬ ಇಲ್ಲ, ಸರಿ ಬುಡು. ಅವುಕ್ಕೇನ್ಲಾ ಸೂತ್ಕ? ನಿಮ್ಮಪ್ಪನ್ ಕಾಲ್ದಿಂದ ಆ ಮಣೆ ಒಂದೊರ್ಸಾನೂ ಪೂಜೆ ಇಲ್ದೆ ಇರ್ನಿಲ್ಲ. ಸುತ್ಗೆ, ಚಿಮ್ಟ, ಮಣೆ, ಎಲ್ಲಕ್ಕೂ ಗಂದ ಕುಂಕ್ಮ ಇಕ್ಕಿ ಒಂದ್ ಊವಾ ಮಡಗ್ದೆ."

"ಇವಕ್ಕೂ ಇಟ್ರಾ?"

"ಇಡ್ದೆ? ಆಯಮ್ಮ ತರ್ಸಿದ್ದು ಅಲ್ವೇನ್ಲಾ ಅವು. ಎಲ್ಲಕ್ಕೂ ಬಲಗಡೀಕೆ ಒಂದೊಂದು ಬೊಟ್ಟು ಇಕ್ದೆ. ಆಮ್ಯಾಕೆ ನೀನು ಬಂದು ನೋಡಿ ನೊಂದ್ಕತೀಯ ಅನ್ನುಸ್ತು. ಸಂದೆ ಮುಂದೆ ಒದ್ದೆ ಬಟ್ಟೆ ತಕ್ಕಂಡು ಒಂದೊಂದ್ನೂ ಒರ್ಸಿ ಇದ್ದಂಗೇ ಜೋಡ್ಸ್ಬುಟ್ಟೆ." ಅವರು ನನ್ನ ಮುಖ ನೋಡಿದರು. "ಕೆಡುಸ್ಬುಟ್ನೇನ್ಲಾ?"

ಒರೆಸುವಾಗ ಒದ್ದೆ ಗಂಧ ಅಂಚಿನ ಸಂದಿಗೆ ಸೇರಿ ಅಲ್ಲೇ ಒಣಗಿತ್ತು. ಬಯ್ಯಬೇಕೆಂದು ಬಾಯಿ ತೆರೆದೆ. ಆ ಎಪ್ಪತ್ತು ದಾಟಿದ ಮನುಷ್ಯ ಚಾಪೆಯ ಮೇಲೆ ಕೂತು ಮೂವತ್ತು ಯಂತ್ರಗಳನ್ನು ಒಂದೊಂದಾಗಿ ಒರೆಸಿದ್ದು ಕಣ್ಣಿಗೆ ಬಂತು.

"ಇಲ್ಲ ದೊಡ್ಡಪ್ಪ. ಒರೆಸಿದ್ರೆ ಹೋಯ್ತದೆ."

ಸಂದಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಕುಂಚದಿಂದ ಮೂರು ಸಲ ತೊಳೆದು ಒಣಗಿಸಿದೆ. ತಂತಿ ಸಿಕ್ಕಿಸಿ, ಚೌಕಟ್ಟು ಕೂರಿಸಿ, ಫ್ಯಾನಿನ ಎದುರಿಗೇ ಇಟ್ಟೆ. ಇನ್ನೂರ ಹನ್ನೊಂದು. ಹತ್ತು ನಿಮಿಷಕ್ಕೆ ಮಲಗಿತು. ಎಬ್ಬಿಸಿದೆ. ಮತ್ತೆ ಮಲಗಿತು. ಸಂಜೆಯವರೆಗೆ ಎಷ್ಟು ಸಲ ಎಬ್ಬಿಸಿದೆನೋ ಲೆಕ್ಕವಿಟ್ಟಿಲ್ಲ. ಪುಟ ಕದಲಲಿಲ್ಲ. ಶಟರು ಎಳೆಯುವ ಮುಂಚೆ ಎಡಗಡೆ ಬೆರಳಿಟ್ಟು ಒಂದೊಂದೇ ಪುಟ ಹಿಂದಕ್ಕೆ ಹೋದೆ, ನೂರ ನಲವತ್ತಮೂರರವರೆಗೆ. ನಡುವಿನ ಪುಟಗಳನ್ನು ಯಾರೂ ಓದಿರಲಿಲ್ಲ.

ಸೋಮವಾರ ಮೀಟಿಂಗಿಗೆ ಮುಂಚೆಯೇ ಆ ಊರಿಗೆ ಹೋದೆ. ಪಂಚಾಯಿತಿ ಅಧ್ಯಕ್ಷರು, ಮೇಲ್ವಿಚಾರಕಿ, ಗೌಡರು, ಜಗಲಿಯ ಮೇಲಿನ ಎಲ್ಲರ ಎದುರಿಗೂ ಮೂರು ಯಂತ್ರಗಳನ್ನು ಬಿಚ್ಚಿದೆ. ಮೂರರಲ್ಲೂ ಅದೇ ಜಾಗದಲ್ಲಿ ಚಕ್ಕೆಯಿತ್ತು. ಒಂದನ್ನು ತೊಳೆಯುವ ಮೊದಲು ಫ್ಯಾನಿನ ಕೆಳಗಿಟ್ಟು ತೋರಿಸಿದೆ, ತೊಳೆದ ಮೇಲೆಯೂ ತೋರಿಸಿದೆ. ಬೆಳಕಿನ ಎಳೆಯ ವಿಷಯವನ್ನು ಆದಷ್ಟು ಸರಳವಾಗಿ ಹೇಳಿದೆ. ದೊಡ್ಡಪ್ಪನ ಹೆಸರು ಹೇಳಲಿಲ್ಲ, ಪೂಜೆಯ ಗಂಧ ಎಂದಷ್ಟೇ ಹೇಳಿದೆ. ಅಧ್ಯಕ್ಷರು, "ಅಷ್ಟೇನಾ? ಇನ್ನೇನ್ ಮತ್ತೆ, ಇರ್ಲಿ ಬುಡಿ" ಎಂದು ಮುಂದಿನ ವಿಷಯಕ್ಕೆ ಎದ್ದು ಹೋದರು.

ಗೌಡರು ಹೋಗಲಿಲ್ಲ. ನಾನು ಸಲಕರಣೆಗಳನ್ನು ಚೀಲಕ್ಕೆ ತುಂಬುತ್ತಿದ್ದೆ.

"ಅಂಗಾರೆ ಆಚಾರ್ರೇ, ಆಯಮ್ಮ ಬಂದಿರ್ನಿಲ್ಲ?"

ಅವರು ಗೇಲಿ ಮಾಡುತ್ತಿರಲಿಲ್ಲ. ಮೇಲ್ವಿಚಾರಕಿಯೂ ನನ್ನನ್ನೇ ನೋಡುತ್ತಿದ್ದರು. ಅವರಿಗೂ ಒಂದಿಷ್ಟು ಆಸೆ ಇದ್ದಿರಬೇಕು.

"ಇಲ್ಲ ಗೌಡ್ರೇ. ಬಂದಿರ್ಲಿಲ್ಲ. ಅವಳು ಸತ್ತೋಗಿ ಐದು ತಿಂಗಳಾಯ್ತು."

ಆ ಮಾತು ಅಷ್ಟು ದಿನದಲ್ಲಿ ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಹೇಳಿದ ಮೇಲೆ ಕೋಣೆಯಲ್ಲಿ ಏನೂ ಆಗಲಿಲ್ಲ. ಫ್ಯಾನು ತಿರುಗುತ್ತಿತ್ತು.

ಗೌಡರು ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದು ಕುರ್ಚಿ ಎಳೆದು ಕೂತರು. ಕನ್ನಡಕ ಒರೆಸಿಕೊಂಡು ಯಂತ್ರವನ್ನು ಹತ್ತಿರ ಮಾಡಿಕೊಂಡರು. ತುಟಿಯಾಡಿಸುತ್ತ ಪುಟದ ಕೊನೆಯವರೆಗೆ ಓದಿದರು. ಓದಿ ಮುಗಿಸಿ ಸುಮ್ಮನೆ ನೋಡುತ್ತ ಕೂತರು. ಅಭ್ಯಾಸವಾಗಿಬಿಟ್ಟಿತ್ತೇನೋ, ಅದು ತಾನಾಗಿ ತಿರುಗಲಿ ಎಂದು ಕಾಯುತ್ತಿದ್ದರು. ನಾನೂ ಚೀಲ ಹಿಡಿದು ನಿಂತು ಕಾದೆ. ಆಮೇಲೆ ಅವರು ಕೈಯನ್ನು ಪಂಚೆಗೆ ಒರೆಸಿಕೊಂಡು ಬೆರಳು ಮುಂದೆ ಮಾಡಿದರು.